ಬೆಚ್ಚಗಿನ ಕಲ್ಲು

“ಗುರುಗಳೇ, ನಾಳೆ ಊರಿನ ಸಭೆ. ಅಣುಸ್ಥಾವರ ಬೇಡ, ಬಿಸಿಲು ಗಾಳಿಯ ಕರೆಂಟೇ ಸಾಕು ಎನ್ನುವವರು ನಾವು. ‘ಸೂರ್ಯ ಮುಳುಗುತ್ತಾನಲ್ಲ, ಆಗೇನು ಮಾಡುತ್ತೀರಿ?’ ಎಂದು ಸ್ಥಾವರದ ಸಾಹೇಬರು ಕೇಳಿದರೆ ಏನು ಹೇಳಲಿ?” ಎಂದು ಶಿಷ್ಯ ಕೇಳಿದ.

ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ ಗುರುಗಳು, “ಒಂದು ಕತೆ ಕೇಳು. ನಾನು ಕಣ್ಣಾರೆ ಕಂಡದ್ದು. ಆಗ ನನಗೆ ಮುನ್ನೂರು ವರ್ಷ” ಎಂದರು. ಒಂದು ಗುಟುಕು ಕುಡಿದರು. “ಸುಳ್ಳು. ಆದರೂ ಕೇಳು.”

ಒಂದು ಊರಿಗೆ ಒಬ್ಬ ವ್ಯಾಪಾರಿ ಬೆಂಕಿ ಮಾರಲು ಬಂದ. ಅದಕ್ಕೆ ಸೌದೆ ಬೇಡ. ಹೊಗೆಯೂ ಇಲ್ಲ. ಬೂದಿ ಮಾತ್ರ ಆರುವುದಿಲ್ಲ. ಅದನ್ನು ಮುಟ್ಟಿದವರು ಉಳಿಯುವುದಿಲ್ಲ.

“ಹೆದರಬೇಡಿ, ಬೂದಿಯನ್ನು ನಾನೇ ಕಾಯುತ್ತೇನೆ” ಎಂದ ವ್ಯಾಪಾರಿ.

“ನಿನ್ನ ನಂತರ?” ಎಂದು ಒಬ್ಬ ಮುದುಕಿ ಕೇಳಿದಳು.

“ಅಜ್ಜೀ, ಅಷ್ಟು ಹೊತ್ತಿಗೆ ಕೇಳುವುದಕ್ಕೆ ನೀವೂ ಇರುವುದಿಲ್ಲ, ಹೇಳುವುದಕ್ಕೆ ನಾನೂ ಇರುವುದಿಲ್ಲ!”

ಊರೆಲ್ಲ ನಕ್ಕಿತು. ಬೆಂಕಿ ಕೊಂಡಿತು.

ಬೂದಿಯನ್ನು ಗುಡ್ಡದ ಬುಡದಲ್ಲಿ ಹೂತು, ಮೇಲೊಂದು ಚಪ್ಪಡಿ ಕಲ್ಲು ಎಳೆದರು. “ಹತ್ತಿರ ಹೋಗಬೇಡಿ” ಎಂದು ಮಕ್ಕಳಿಗೆ ಹೇಳಿದರು. ವ್ಯಾಪಾರಿ ಸತ್ತ. ಬೆಂಕಿಯೂ ತೀರಿತು. ಆ ಮಕ್ಕಳು ತಮ್ಮ ಮಕ್ಕಳಿಗೆ, “ಚಪ್ಪಲಿ ಮೆಟ್ಟಿ ಹತ್ತಿರ ಹೋಗಬೇಡಿ” ಎಂದರು. ಅವರು ತಮ್ಮ ಮಕ್ಕಳಿಗೆ, “ಮೀಯದೆ ಹೋಗಬೇಡಿ” ಎಂದರು. ಆಮೇಲಿನವರು ಮಿಂದು ಹೋದರು. ಕಲ್ಲಿಗೆ ಕುಂಕುಮ ಹಚ್ಚಿದರು.

ಒಂದು ಮಾಗಿಯ ಬೆಳಿಗ್ಗೆ ಒಬ್ಬ ರೈತನ ಹಸುಗೂಸು ಮೊಮ್ಮಗಳು ಚಳಿಗೆ ನೀಲಿಗಟ್ಟತೊಡಗಿದಳು. ರೈತನ ಸೊಸೆ ಮಿಂದು, ಮಾವನ ಜೊತೆ ಒದ್ದೆ ಸೀರೆಯಲ್ಲೇ ಮಗುವನ್ನು ತಂದು ಕಲ್ಲಿನ ಮೇಲೆ ಮಲಗಿಸಿದಳು. ಕಲ್ಲು ಬೆಚ್ಚಗಿತ್ತು. ಮಗು ಅಳು ನಿಲ್ಲಿಸಿತು.

ಸೊಸೆ ಸುತ್ತ ನೋಡಿದಳು.

“ಮಾವ, ಇಲ್ಲಿ ಒಂದು ಗರಿಕೆಯೂ ಹುಟ್ಟಿಲ್ಲ. ನಿನ್ನೆ ಇಟ್ಟ ಬೆಲ್ಲಕ್ಕೆ ಇರುವೆಯೂ ಬಂದಿಲ್ಲ.”

“ಇದು ತಾಯಿಯ ಮಡಿಲು ಕಣಮ್ಮ. ಇರುವೆ ಮಿಂದು ಬರುತ್ತದೆಯೇ?” ಎಂದ ರೈತ.

ಇಬ್ಬರೂ ಕೈಮುಗಿದು ನಿಂತರು. ಮಗುವಿಗೆ ನಿದ್ದೆ ಹತ್ತಿತು.

ಗುರುಗಳು ಕತೆ ನಿಲ್ಲಿಸಿದರು.

“ಮಗು ಎದ್ದಿತೆ?” ಎಂದು ಶಿಷ್ಯ ಕೇಳಿದ.

“ಸೂರ್ಯ ಮುಳುಗುತ್ತಾನೆ, ನಿಜ, ಮುಳುಗದೇ ಉಳಿಯುವುದನ್ನು ಕಾಯುವವರು ಯಾರು ಎಂದು ನಾಳೆ ಸಾಹೇಬರನ್ನು ಕೇಳು.”

ಶಿಷ್ಯನ ಕೈಯಲ್ಲಿ ಲೋಟ ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟ.

“ಕುಡಿಯದಿದ್ದರೆ ಬಿಡು” ಎಂದು ಗುರುಗಳು ಎದ್ದರು. “ನನ್ನ ಚಹಾದ ದುಡ್ಡು ಮಾತ್ರ ಕೊಟ್ಟು ಬಾ.”