ಪೇಪರಮ್ಮನ ಕಟ್ಟೆ

ತೊರೆಮಾದಾಪುರದ ಬಸ್ ನಿಲ್ದಾಣದಿಂದ ಕೆರೆಯ ಕಡೆಗೆ ನಡೆದರೆ ಬೇವಿನ ಮರದಡಿ ಮೂರು ಮೆಟ್ಟಿಲಿನ ಕಲ್ಲುಕಟ್ಟೆಯೊಂದಿದೆ. ಪುರಸಭೆಯವರು ಅಲ್ಲಿ ಹಳದಿ ಫಲಕ ನೆಟ್ಟು ಯಾವನೋ ಪಟೇಲನ ಹೆಸರು ಬರೆಸಿದ್ದಾರೆ. ಫಲಕಕ್ಕೆ ನಾಚಿಕೆಯುಂಟೆ? ಊರ ಬಾಯಲ್ಲಿ ಮಾತ್ರ ಅದು ಪೇಪರಮ್ಮನ ಕಟ್ಟೆ.

ಹಿಂದೊಮ್ಮೆ, ಊರಿಗಿನ್ನೂ ಕರೆಂಟು ಬಾರದ ಕಾಲದಲ್ಲಿ, ಚೆಲುವಾಜಮ್ಮನೆಂಬ ವಿಧವೆ ಗಂಡ ಬಿಟ್ಟುಹೋದ ಅಚ್ಚಿನ ಯಂತ್ರದಲ್ಲಿ ಲಗ್ನಪತ್ರಿಕೆ ಹಾಕುವುದನ್ನು ಬಿಟ್ಟು ವಾರಪತ್ರಿಕೆ ಹೊರಡಿಸಿದಳು. ಆ ಸೀಮೆಯಲ್ಲಿ ಪತ್ರಿಕೆ ನಡೆಸಿದ ಮೊದಲ ಹೆಂಗಸು ಅವಳೇ ಎನ್ನುತ್ತಾರೆ. ಆಗ ಊರಿನಲ್ಲಿ ಐವರು ದೊಡ್ಡ ಮನುಷ್ಯರಿದ್ದರು. ದೊಡ್ಡದಿದ್ದದ್ದು ಹೊಟ್ಟೆ ಮಾತ್ರ. ಊರ ದನ ಮೇಯುವ ಗೋಮಾಳವನ್ನು ತಮ್ಮೊಳಗೆ ಹಂಚಿಕೊಳ್ಳಲು ಅವರು ಹೊಂಚಿದ್ದರು. ಬೇಲಿಯೇ ಎದ್ದು ಹೊಲ ಮೇಯುವ ಹುನ್ನಾರ. ಈ ಕಟ್ಟೆಯ ಮುಂದೆ ಸೇರುವ ಸೋಮವಾರದ ಕೂಟದಲ್ಲಿ ಜನ ತಿಳಿಯದೆ ಅವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಗೋಮಾಳ ಹೋದಂತೆಯೇ. ಚೆಲುವಾಜಮ್ಮ ಐವರ ಹೆಸರನ್ನೂ ಭಾನುವಾರದ ಸಂಚಿಕೆಗೆ ಜೋಡಿಸಿಟ್ಟಳು. ಸುಳಿವು ಹತ್ತಿದ ಆ ಶೂರರು ಹಾಡಹಗಲೇ ಆಳುಗಳನ್ನು ನುಗ್ಗಿಸಿ ಸೀಸದ ಅಕ್ಷರಗಳ ಅಚ್ಚಿನ ಮೊಳೆಗಳನ್ನೆಲ್ಲ ಕೆರೆಗೆ ಸುರಿಸಿದರು. ಹತ್ತು ವರ್ಷದ ದುಡಿಮೆ ಮುಳುಗುವುದನ್ನು ಕಂಡು ಅವಳು ಏರಿಯ ಮೇಲೆ ಕುಳಿತು ಅತ್ತಳಂತೆ. ಅತ್ತದ್ದು ಅದೊಂದೇ ಸಲ.

ಕಟ್ಟೆಗೊಂದು ಕಟ್ಟಳೆಯಿತ್ತು. ಬೇವಿನ ಸೊಪ್ಪು ಹಿಡಿದು ಕಟ್ಟೆ ಏರಿದವರ ಮಾತು ಮುಗಿಯುವ ತನಕ ಯಾರೂ ಏಳಕೂಡದು, ಎದ್ದವನು ತಪ್ಪೊಪ್ಪಿದಂತೆ. ಬಡವರನ್ನು ಗಂಟೆಗಟ್ಟಲೆ ಕೂರಿಸಿ ಬೈಯಲೆಂದು ಈ ದೊಡ್ಡವರ ಅಜ್ಜಂದಿರೇ ಮಾಡಿದ್ದ ಕಟ್ಟಳೆ ಅದು. ಸೋಮವಾರ ಕೂಟ ಸೇರಿದಾಗ ಚೆಲುವಾಜಮ್ಮ ಸೊಪ್ಪು ಹಿಡಿದು ಮೆಟ್ಟಿಲು ಹತ್ತಿದಳು.

"ಅಚ್ಚೇ ಇಲ್ಲ, ಇನ್ನೆಲ್ಲಿ ಪೇಪರು ತಾಯಿ?" ಎಂದು ಐವರಲ್ಲಿ ಮೊದಲಿಗನಾದ ಪಟೇಲ ದ್ಯಾವೇಗೌಡ ಹಲ್ಲುಕಿರಿದ.

"ನಿಮ್ಗೆ ಕಿವಿ ಐತಲ್ಲ ಪಟೇಲ್ರೆ, ಸಾಕು" ಎಂದು ಅವಳು ಬರೆದು ತಂದಿದ್ದ ಹಾಳೆಗಳನ್ನು ಬಿಡಿಸಿದಳು.

ಮೊದಲು ಮಳೆಯ ಸುದ್ದಿ, ಆಮೇಲೆ ಸಂತೆಯ ಧಾರಣೆ, ಕಳೆದುಹೋದ ಕರುವಿನ ಪ್ರಕಟಣೆ. ಬೇಕೆಂದೇ ನಿಧಾನವಾಗಿ ಓದಿದಳು. ಬಿಸಿಲು ನೆತ್ತಿಗೇರಿತು. ಬೆಳಿಗ್ಗೆ ಎರಡು ಚೊಂಬು ಮಜ್ಜಿಗೆ ಇಳಿಸಿದ್ದ ಪಟೇಲ ಕಾಲು ಬಿಗಿಹಿಡಿದು ಬೆವರಿದ. ಕೊನೆಯ ಹಾಳೆ ತೆಗೆದು, "ಗೋಮಾಳದ ಕಳ್ಳರು ಐವರು" ಎಂದು ಅವಳು ಓದುವುದಕ್ಕೂ ಅವನು ತಡೆಯಲಾರದೆ ಪಂಚೆ ಹಿಡಿದು ಏಳುವುದಕ್ಕೂ ಸರಿಹೋಯಿತು.

"ಎದ್ದ ಕಣ್ರಪ್ಪೋ! ಪಟೇಲ ಒಪ್ಕಂಡ!" ಎಂದು ಹೆಂಗಸರ ಸಾಲಿನಿಂದ ಕೂಗೆದ್ದಿತು.

ಆ ದಿನ ಒಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ. ಗೋಮಾಳ ಉಳಿಯಿತು, ಕೆರೆಗೆ ಬಿದ್ದ ಮೊಳೆಗಳು ಸಿಗಲಿಲ್ಲ. ಸಾಯುವ ತನಕ ಅವಳು ಪ್ರತಿ ವಾರ ಕಟ್ಟೆ ಏರಿ ಪತ್ರಿಕೆಯನ್ನು ಬಾಯಲ್ಲೇ ಹೊರಡಿಸಿದಳು ಎನ್ನುತ್ತಾರೆ. ಈಗಲೂ ಬೆಳಿಗ್ಗೆ ಅಲ್ಲಿ ಯಾರಾದರೊಬ್ಬರು ಪೇಪರು ಗಟ್ಟಿಯಾಗಿ ಓದುತ್ತಿರುತ್ತಾರೆ. ಪುರಸಭೆಯ ಸದಸ್ಯರು ಮಾತ್ರ, ಕಚೇರಿಗೆ ಕಟ್ಟೆಯ ಮುಂದಿನದೇ ಹತ್ತಿರದ ದಾರಿಯಾದರೂ, ಕೆರೆಯನ್ನು ಪೂರ್ತಿ ಸುತ್ತುಹಾಕಿಕೊಂಡು ಹೋಗುವುದನ್ನು ಬಂದವರು ಕಣ್ಣಾರೆ ನೋಡಬಹುದು.