ಮಿಂಚಿಗೂ ಗುಡುಗಿಗೂ ನಡುವೆ ಎಷ್ಟು ಏಟು

“ಕೇಳ್ರಪ್ಪೋ ಕೇಳಿ! ಒಡೆಯ ಸಿಂಹಧ್ವಜರ ಮಗಳು ಹೊನ್ನಾಂಬೆ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವನಿಗೆ ಅವಳೂ ಅರ್ಧ ರಾಜ್ಯವೂ! ತಪ್ಪಿದವನ ತಲೆ ಕೋಟೆ ಬಾಗಿಲಿಗೆ!” ಎಂದು ಬೆಳ್ಗಟ್ಟದ ಬೀದಿಬೀದಿಯಲ್ಲಿ ಡಂಗುರ ಹೊಡೆದರು. ಒಗಟು ಮಗಳದು, ತಲೆ ತೆಗೆಯುವ ಚಪಲ ಅಪ್ಪನದು.

ಅಗಸರ ಮಾಚ ಆಗ ಕೆರೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ರಾಜನ ಹಾಸಿಗೆಬಟ್ಟೆ ಒಗೆಯುತ್ತಿದ್ದ. “ಮಾಳಿಗೆ ಸೋರಿತು” ಎಂದು ಅರಮನೆಯ ದಾಸಿ ಅದನ್ನು ತಂದು ಹಾಕಿದ್ದಳು. ಹಿಂದಿನ ರಾತ್ರಿ ಗುಡುಗಿತ್ತೇ ಹೊರತು ಒಂದು ಹನಿ ಬಿದ್ದಿರಲಿಲ್ಲ. ಮಳೆಯೇ ಇಲ್ಲದೆ ಸೋರುವ ಮಾಳಿಗೆ ಎಂಥದೋ! ಮಾಚ ಬಾಯಿ ಬಿಡುವವನಲ್ಲ. ಆದರೆ ದಾಸಿಯ ಬಾಯಿಗೆ ಬೀಗ ಎಲ್ಲಿಯದು? ಗುಡುಗಿದರೆ ಒಡೆಯರ ಹಾಸಿಗೆ ಒದ್ದೆ ಎಂದು ವಾರದೊಳಗೆ ಊರೆಲ್ಲ ಗುಸುಗುಸು.

ರಾಜ ಕೆಂಡವಾದ. “ಆ ಅಗಸನೇ ಆಡಿದ್ದು. ಅವನನ್ನೂ ಒಗಟಿಗೆ ನಿಲ್ಲಿಸಿ. ತಲೆ ಹೋದರೆ ನಾಲಿಗೆಯೂ ಹೋಗುತ್ತದೆ.”

ಒದ್ದೆ ಪಂಚೆಯಲ್ಲೇ ಮಾಚನನ್ನು ಎಳೆತಂದರು. ಮದುವೆಯಾಗಲು ಬಂದ ಇಬ್ಬರು ಅವನಿಗಿಂತ ಮುಂದೆ ನಿಂತಿದ್ದರು. ಹೊರಗೆ ಮೋಡ ಕವಿದಿತ್ತು.

ಹೊನ್ನಾಂಬೆ ಕೇಳಿದಳು: “ಒಂದೇ ಗಳಿಗೆಗೆ ಹುಟ್ಟಿದ ಅಕ್ಕ ತಮ್ಮ. ಅಕ್ಕ ಮಾತಿಲ್ಲದೆ ಬಂದು ಹೋಗುತ್ತಾಳೆ. ತಮ್ಮ ತಡವಾಗಿ ಬಂದು ಊರೇ ಅದುರುವಂತೆ ಕೂಗಾಡುತ್ತಾನೆ. ಯಾರವರು?”

ಮೈಮೇಲೆ ಮಣ ಬಂಗಾರ ಹೇರಿಕೊಂಡಿದ್ದ ಮರಳೂರಿನ ರಾಜಕುಮಾರ, “ಚಂದ್ರ, ಸೂರ್ಯ” ಎಂದ. ಸೂರ್ಯ ಯಾವತ್ತು ಕೂಗಿದ್ದನಪ್ಪ? ಬಂಗಾರ ಖಜಾನೆಗೆ ಹೋಯಿತು, ತಲೆ ಬಾಗಿಲಿಗೆ.

ಎರಡನೆಯವನು ಪಂಡಿತ. “ಮಿಂಚು, ಗುಡುಗು” ಎಂದು ಮೀಸೆ ತಿರುವಿದ.

“ಸರಿ. ಎರಡನೆಯದು: ಅವರು ಹುಟ್ಟಿದ ಜಾಗ ಎಷ್ಟು ದೂರ? ನಿಂತಲ್ಲೇ ಅಳೆದು ಹೇಳಿ.”

“ಹತ್ತು ಸಾವಿರ ಯೋಜನ. ಶಾಸ್ತ್ರದಲ್ಲಿದೆ.”

“ಅಳೆದದ್ದೆಲ್ಲಿ?” ಎಂದಳು ಹುಡುಗಿ. ಶಾಸ್ತ್ರವೂ ತಲೆಯೂ ಒಟ್ಟಿಗೇ ಉರುಳಿದವು.

“ಈಗ ನೀನು ಬೊಗಳೋ, ಅಗಸ” ಎಂದ ರಾಜ.

“ಅಕ್ಕ ಮಿಂಚು, ತಮ್ಮ ಗುಡುಗು, ಅದು ಸರಿಯೇ” ಎಂದ ಮಾಚ. ಅಷ್ಟರಲ್ಲಿ ಕಿಟಕಿಯಲ್ಲಿ ಫಳ್ಳನೆ ಮಿಂಚಿತು. ಬಟ್ಟೆ ಒಗೆಯುವಂತೆ ಅವನ ಕೈ ತಾನಾಗಿ ಮೇಲೆದ್ದು ಇಳಿಯತೊಡಗಿತು. ಒಂದು, ಎರಡು, ಮೂರು... ಎಂಟಕ್ಕೆ ಗುಡುಗಿತು. ರಾಜ ಸಿಂಹಾಸನದ ಕೈ ಗಟ್ಟಿಯಾಗಿ ಹಿಡಿದುಕೊಂಡ.

“ಎಂಟು ಕೆರೆ ದೂರ, ಬುದ್ಧಿ” ಎಂದ ಮಾಚ. “ಆಚೆ ದಡದಲ್ಲಿ ನಮ್ಮಪ್ಪ ಒಗೀತಾನೆ. ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣ್ತದೆ. ಸದ್ದು ಈಚೆ ಬರೋ ಹೊತ್ತಿಗೆ ಬಟ್ಟೆ ಮತ್ತೊಂದೇಟು ಬಿದ್ದಿರ್ತದೆ. ಕಣ್ಣಿಗೆ ಕಂಡದ್ದು ಓಡಿ ಬರ್ತದೆ, ಕಿವಿಗೆ ಕೇಳೋದು ನಡೆದು ಬರ್ತದೆ. ಕೆರೆಯಗಲಕ್ಕೆ ಒಂದೇಟು ಲೆಕ್ಕ. ಒಣಹಾಕಿದ ಬಟ್ಟೆ ಯಾವಾಗ ಎತ್ತಬೇಕು ಅಂತ ನಾವು ನೋಡೋದೇ ಹೀಗೆ.”

“ಸರಿ, ಇನ್ನು ಕೊನೆಯದು” ಎಂದಳು ಹೊನ್ನಾಂಬೆ. “ಅಕ್ಕ ಹೊಡೆಯುತ್ತಾಳೆ. ಅವಳ ಏಟಿನಿಂದ ಉಳಿದವನು ಯಾರು?”

ಪಕ್ಕದಲ್ಲಿದ್ದ ಮಂತ್ರಿ ಮಾಚನ ಕಿವಿಯಲ್ಲಿ ಉಸುರಿದ: “ಒಡೆಯರು ಅಂದುಬಿಡೋ, ಬದುಕ್ತೀಯ.”

ಮಾಚನ ನಾಲಿಗೆ ತುದಿಗೆ ಬಂದಿತ್ತು. ತಾನು ಒಗೆದ ರಾಜನ ಹಾಸಿಗೆಬಟ್ಟೆ ನೆನಪಾಗಿ ನುಂಗಿಕೊಂಡ. “ತಮ್ಮನ ಕೂಗು ಕೇಳಿದವನು, ತಾಯಿ. ಸಿಡಿಲು ಬಡಿದವನಿಗೆ ಗುಡುಗು ಕೇಳಿಸೋಲ್ಲ. ಕೇಳಿಸ್ತು ಅಂದರೆ ಆ ಏಟು ತಪ್ಪಿತು ಅಂತಲೇ. ಗುಡುಗಿಗೆ ಹೆದರೋದು, ಮುಗಿದುಹೋದ ಜಗಳಕ್ಕೆ ಅಳೋ ಹಾಗೆ.”

“ಮೂರೂ ಸರಿ” ಎಂದಳು ಹೊನ್ನಾಂಬೆ.

ಆಡಿದ ಮಾತಿಗೆ ಊರೇ ಸಾಕ್ಷಿ. ರಾಜ ಹಲ್ಲು ಕಡಿಯುತ್ತಲೇ ಧಾರೆ ಎರೆದ, ಅಳಿಯನ ಮುಖ ಮಾತ್ರ ನೋಡಲಿಲ್ಲ. “ಪಂಡಿತರಿಗೂ ತಿಳಿಯದ್ದು ನಿನಗೆ ಕಲಿಸಿದವರಾರೇ?” ಎಂದು ಮಗಳ ಮೇಲೆ ಹರಿಹಾಯ್ದ.

“ಯಾರೂ ಇಲ್ಲ, ಅಪ್ಪಾಜಿ. ನನ್ನ ಕಿಟಕಿ ಕೆರೆಯ ಕಡೆಗಿದೆ.”

ಅದು ಎಷ್ಟು ವರ್ಷದಿಂದ ತೆರೆದಿತ್ತೋ, ಅವಳು ನೋಡಿದ್ದು ಒಗೆಯುವ ಬಟ್ಟೆಯನ್ನೋ ಒಗೆಯುವವನನ್ನೋ, ನಮಗ್ಯಾಕೆ! ಅರ್ಧ ರಾಜ್ಯ ಕೈಗೆ ಬಂದ ದಿನ ಮಾಚ ಒಂದೇ ಅಪ್ಪಣೆ ಮಾಡಿದ: ಅವರವರ ಹಾಸಿಗೆಬಟ್ಟೆ ಅವರವರೇ ಒಗೆದುಕೊಳ್ಳಬೇಕು. ಈಗ ಮಿಂಚಿದರೆ ಸಾಕು, ಮಾವನ ಕೋಣೆಯಿಂದ ಏಟು ಎಣಿಸುವ ದನಿ ಬರುತ್ತದೆ. ಮಾಳಿಗೆ ಸೋರುವುದು ನಿಂತಿದೆಯಂತೆ.