ಗಂಟು ಕರಗಿದ ಆಮೆಗಳು

“ಗುರುಗಳೇ, ಹನ್ನೆರಡು ವರ್ಷದಿಂದ ನನ್ನ ಸಿಟ್ಟನ್ನು ಪರೀಕ್ಷಿಸುತ್ತಿದ್ದೇನೆ. ಅದು ಎಲ್ಲಿ ಹುಟ್ಟುತ್ತದೆ, ಯಾವ ಮಾತಿಗೆ ಏಳುತ್ತದೆ, ಎಲ್ಲವೂ ತಿಳಿದಿದೆ. ಆದರೂ ಅದೇಕೆ ಹೋಗುವುದಿಲ್ಲ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನಿಗೆ ಈ ಕತೆಯನ್ನು ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಸಂಶೋಧಕಿ ಇದ್ದಳು. ಅಲ್ಲಿಯ ಕಡಲಾಮೆಗಳಿಗೆ ಒಂದು ರೋಗ ತಗಲಿತ್ತು. ಕೊರಳಲ್ಲಿ, ಕಣ್ಣಿನ ಸುತ್ತ ಗಂಟುಗಳು ಬೆಳೆಯುತ್ತಿದ್ದವು. ಕಣ್ಣು ಮುಚ್ಚಿಹೋದ ಆಮೆ ಮೇವು ಕಾಣದೆ ಸಾಯುತ್ತಿತ್ತು. ಕೊಯ್ದು ತೆಗೆದರೂ ಗಂಟು ಮತ್ತೆ ಬೆಳೆಯುತ್ತಿತ್ತು. ದೇಹವನ್ನು ಕಟ್ಟುವ ಸೂಚನೆಗಳೆಲ್ಲ ವಂಶವಾಹಿಗಳಲ್ಲಿ ಬರೆದಿರುತ್ತವೆ. ಆ ಬರಹದ ತಪ್ಪನ್ನು ಹಿಡಿದೇ ತೀರುವೆನೆಂದು ಅವಳು ಪಣ ತೊಟ್ಟಳು. ಹೋಲಿಸುವುದಕ್ಕೆಂದು, ರೋಗವನ್ನೇ ಕಾಣದ ಕೆಲವು ಆಮೆಗಳ ರಕ್ತವನ್ನು ಮೊದಲೇ ತೆಗೆದಿರಿಸಿಕೊಂಡಳು. ಆಮೇಲೆ, ಗಂಟಿರುವ ಆಮೆ ಬಲೆಗೆ ಬಿದ್ದರೆ ತನ್ನಿ, ಉಳಿದವನ್ನು ನೀರಿಗೆ ಬಿಡಿ ಎಂದು ದೋಣಿಯವರಿಗೆ ಹೇಳಿಕಳುಹಿಸಿದಳು.

ಏಳು ವರ್ಷ ಅವಳು ಹಬ್ಬವೆಂದರಿಯದೆ ದುಡಿದಳು. ತಪ್ಪುಗಳು ನೂರಾರು ಸಿಕ್ಕವು. ಆದರೆ ಒಂದು ಆಮೆಯೂ ವಾಸಿಯಾಗಲಿಲ್ಲ.

ಆಗ ಅವಳ ತೊಟ್ಟಿಯಲ್ಲಿ ಒಂದು ಹೆಣ್ಣಾಮೆ ಇತ್ತು. ಅದರ ಗಂಟುಗಳನ್ನು ಮೂರು ಸಲ ಕೊಯ್ದಿದ್ದಳು. ಒಂದು ಕಣ್ಣು ಹೋಗಿತ್ತು. ನಾಲ್ಕನೆಯ ಸಲ ಕೊಯ್ದರೆ ಇನ್ನೊಂದೂ ಹೋಗಬಹುದು, ಬಿಟ್ಟರೆ ಕೆಲವು ವರ್ಷಗಳಲ್ಲಿ ಗಂಟೇ ಅದನ್ನು ಮುಚ್ಚುತ್ತದೆ. ಅವಳು ಕತ್ತಿಯನ್ನು ಕುದಿಸಿ ಸಿದ್ಧಪಡಿಸುತ್ತಿದ್ದಾಗ, ಆಮೆಗಳಿಗೆ ಏಡಿ ತಂದುಕೊಡುತ್ತಿದ್ದ ಮೀನುಗಾರ ಮುದುಕಿ ಬುಟ್ಟಿ ಇಳಿಸಿ ನಿಂತಳು.

“ಮತ್ತೆ ಕತ್ತಿಯೇ ಅಮ್ಮಾ? ಹೋದ ವಾರ ನಮ್ಮ ಬಲೆಗೆ ಬಿದ್ದದ್ದರ ಕೊರಳಲ್ಲಿ ಬರೀ ಕಲೆ ಇತ್ತು. ಗಂಟು ತಾನೇ ಕರಗಿತ್ತು. ವರ್ಷಕ್ಕೆ ಅಂಥವು ನಾಲ್ಕೈದು ಸಿಗುತ್ತವೆ.”

“ನನಗೇಕೆ ತಂದುಕೊಡಲಿಲ್ಲ?”

“ನೀವು ಕೇಳಿದ್ದು ಗಂಟಿನದ್ದನ್ನು. ವಾಸಿಯಾದದ್ದು ನಿಮಗೆ ಎಂತಕ್ಕೆ ಅಂತ ನೀರಿಗೆ ಬಿಟ್ಟೆವು. ಓದಿದವರ ಮಾತು ಮೀರುವುದುಂಟೇ?”

ಬೇರೆಯವರಾಗಿದ್ದರೆ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದರು. ಸಂಶೋಧಕಿ ಕತ್ತಿಯನ್ನು ಪೆಟ್ಟಿಗೆಯಲ್ಲಿಟ್ಟಳು. ಅಂದೇ ದೋಣಿಯಿಂದ ದೋಣಿಗೆ ನಡೆದು, ಕಲೆ ಮಾತ್ರ ಉಳಿದ ಆಮೆಗಳನ್ನು ತನ್ನಿರೆಂದು ಬೇಡಿದಳು.

ಎರಡು ವರ್ಷದಲ್ಲಿ ಹನ್ನೊಂದು ಸಿಕ್ಕವು. ಪ್ರತಿಯೊಂದರಿಂದ ತೊಟ್ಟು ರಕ್ತ ತೆಗೆದು ಓದಿದಳು. ರೋಗಿಷ್ಠ ಆಮೆಗಳಲ್ಲಿದ್ದ ತಪ್ಪುಗಳೆಲ್ಲ ಇವುಗಳಲ್ಲೂ ಇದ್ದವು. ಆದರೆ ಅವುಗಳಲ್ಲಿ ಮಲಗಿದ್ದ ಕೆಲವು ವಂಶವಾಹಿಗಳು ಇವುಗಳಲ್ಲಿ ಎಚ್ಚರವಾಗಿದ್ದವು. ಗಂಟನ್ನು ಪರಕೀಯವೆಂದು ಗುರುತಿಸಿ ಮೈಯೇ ಅದನ್ನು ಕರಗಿಸುತ್ತಿತ್ತು. ಬೆಚ್ಚಗಿನ ಶುದ್ಧ ನೀರು, ಹೊಟ್ಟೆ ತುಂಬ ಮೇವು ಇದ್ದಲ್ಲಿ ಆ ಎಚ್ಚರ ಬೇಗ ಬರುತ್ತದೆಂದೂ ಕಂಡುಕೊಂಡಳು. ತೊಟ್ಟಿಯ ಆಮೆಯನ್ನು ಹಾಗೆಯೇ ಸಾಕಿದಳು. ಅದರ ಗಂಟುಗಳು ಬಾಡಿ ಉದುರಿದವು. ಉಳಿದ ಒಂದು ಕಣ್ಣಿನಿಂದ ದಾರಿ ನೋಡಿಕೊಂಡು ಅದು ಕಡಲಿಗೆ ಇಳಿಯಿತು.

ವಿದ್ವಾಂಸರ ಸಭೆ ಅವಳನ್ನು ಗೌರವಿಸಿತು. ಅವಳು ಎದ್ದು, ಏಳು ವರ್ಷ ತಾನು ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದ್ದೆನೆಂದೂ ಉಳಿದರ್ಧವನ್ನು ಕೊಟ್ಟವಳು ಮೀನುಗಾರ ಮುದುಕಿಯೆಂದೂ ಹೇಳಿ, ಆ ಮುದುಕಿಯ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಓದಿದಳು.

ಕತೆ ನಿಂತಿತು. ಅಷ್ಟು ದೊಡ್ಡ ಮನಸ್ಸು ಎಲ್ಲರಿಗೂ ಬರುವುದಿಲ್ಲವೆಂದು ಶಿಷ್ಯ ಮೆಚ್ಚಿ ನುಡಿದ. ಆದರೆ ತನ್ನ ಪ್ರಶ್ನೆ ಹಾಗೆಯೇ ಉಳಿಯಿತಲ್ಲ ಎಂದ.

ಗುರುಗಳು ಕೇಳಿದರು: “ಎದ್ದ ಸಿಟ್ಟು ತಾನಾಗಿ ಇಳಿದುಹೋದ ದಿನಗಳೂ ಇದ್ದವಲ್ಲ, ಅವುಗಳಲ್ಲಿ ಒಂದನ್ನು ಹೇಳು.”

“ಅಂಥ ದಿನಗಳನ್ನೆಲ್ಲ ನಾನು ನೋಡದೆಯೇ ನೀರಿಗೆ ಬಿಟ್ಟೆ, ಗುರುಗಳೇ,” ಎಂದ ಶಿಷ್ಯ.